ಹೊಲದಲ್ಲಿ ಕಲ್ಲು ಒಡೆದುಕೊಂಡು ಹೋದವರಿಂದ ನಮಗೇನು ಬಂತು?

ನೀವು ಕೇಳಿರುವುದು ಇಷ್ಟು: ಶಿರಾ ಕಡೆಯ ನಿಮ್ಮ ಹೊಲಕ್ಕೆ ಇಬ್ಬರು ಬಂದರು, ಸುತ್ತಿಗೆಯಿಂದ ಬಂಡೆಯ ಮೂಲೆ ಒಡೆದರು, ಚೂರುಗಳನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು 'ಭೂವೈಜ್ಞಾನಿಕ ನಕ್ಷೆ ಮಾಡ್ತಿದ್ದೀವಿ' ಅಂತ ಹೇಳಿ ಹೋದರು. ಸರ್ಕಾರದ ದುಡ್ಡಲ್ಲಿ ಹೀಗೆ ಕಲ್ಲು ಆರಿಸಿಕೊಂಡು ತಿರುಗುವುದರಿಂದ ನಮ್ಮಂಥವರಿಗೆ ಏನು ಪ್ರಯೋಜನ?

ಆ ಇಬ್ಬರಲ್ಲಿ ನಾನಿರಲಿಲ್ಲ. ಆದರೆ ಎಲ್ಲಿ ಯಾವ ಕಲ್ಲಿದೆ ಅಂತ ಬಣ್ಣಗಳಲ್ಲಿ ಗುರುತಿಸುವ ಅದೇ ನಕ್ಷೆಯ ಕೆಲಸದಲ್ಲಿ ಸಂಬಳ ತಿಂದು ನಿವೃತ್ತನಾದವನು. ಕಲ್ಲಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದರೆ ಕಂಡಕ್ಟರ್ 'ಇದಕ್ಕೆ ಲಗೇಜ್ ಹಾಕ್ಲಾ ಸಾರ್' ಅಂತ ನಗುತ್ತಿದ್ದ. ಹಳ್ಳಿಗೆ ಕಾಲಿಟ್ಟ ತಕ್ಷಣ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಚಿನ್ನ ಸಿಕ್ತಾ?' ಇಲ್ಲ ಅಂದರೆ ಯಾರೂ ನಂಬುತ್ತಿರಲಿಲ್ಲ. ನೀವು ಕನಿಷ್ಠ ಪ್ರಯೋಜನ ಏನು ಅಂತ ಕೇಳಿದ್ದೀರಿ, ಅದು ಒಳ್ಳೆಯ ಪ್ರಶ್ನೆ.

ದೊಡ್ಡ ಮಾತು ಆಮೇಲೆ. ಮೊದಲು ನಮ್ಮ ದೊಡ್ಡಪ್ಪನ ಬೋರ್‌ವೆಲ್ ಕಥೆ ಹೇಳುತ್ತೇನೆ.

ಅವರ ಜಮೀನು ಪಾವಗಡ ತಾಲ್ಲೂಕಿನಲ್ಲಿ. ನಾಲ್ಕು ಬೋರ್ ಕೊರೆಸಿದ್ದರು. ನಾಲ್ಕರಲ್ಲೂ ಧೂಳು. ರಿಗ್ ಲಾರಿ ರಾತ್ರಿಯೆಲ್ಲ ಗುಡುಗುವುದು, ಮನೆಯವರೆಲ್ಲ ನಿದ್ದೆಗೆಟ್ಟು ಸುತ್ತ ನಿಂತಿರುವುದು, ಬೆಳಗಿನ ಜಾವಕ್ಕೆ ಬಿಳಿ ಪುಡಿ ಮೆತ್ತಿಕೊಂಡ ಮುಖಗಳು. ಆ ದೃಶ್ಯ ನಿಮಗೆ ನಾನು ವರ್ಣಿಸಬೇಕಾಗಿಲ್ಲ, ನಿಮ್ಮದೂ ಅದೇ ಸೀಮೆ. ಪಾಯಿಂಟ್ ತೋರಿಸಿದವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತಿದ್ದರು. ಕಾಯಿ ಎದ್ದು ನಿಂತ ಕಡೆಯೆಲ್ಲ ಗೂಟ ಹೊಡೆದಿದ್ದರು. ಐದನೆಯದಕ್ಕೆ ಸಾಲ ಎತ್ತುವ ಮೊದಲು ದೊಡ್ಡಪ್ಪ ನನ್ನನ್ನು ಕರೆದು, 'ಏನಪ್ಪಾ, ನಿನ್ನ ಓದಿಗೆ ನೀರು ಕಾಣ್ಸುತ್ತಾ?' ಅಂದರು. ಕೇಳಿದ ಧಾಟಿಯಲ್ಲಿ ನಂಬಿಕೆಗಿಂತ ಕುಚೋದ್ಯವೇ ಹೆಚ್ಚಿತ್ತು.

ಆ ಸೀಮೆಯ ಅಡಿಪಾಯ ಗಟ್ಟಿ ಬಂಡೆ. ರಾಮನಗರದ ಬೆಟ್ಟಗಳಿಂದ ಉತ್ತರಕ್ಕೆ ಮಧುಗಿರಿ, ಪಾವಗಡ ದಾಟಿ ಬಳ್ಳಾರಿ ದಿಕ್ಕಿಗೆ ಹೋಗುವ ಒಂದು ಗ್ರಾನೈಟ್ ಪಟ್ಟಿ ಇದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿದ್ದುದರಿಂದ ನಮ್ಮವರು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಕಲ್ಲು ಸ್ಪಂಜಿನ ಹಾಗೆ ನೀರು ಹೀರಿ ಇಟ್ಟುಕೊಳ್ಳುವುದಿಲ್ಲ. ನೀರು ಇರುವುದು ಎರಡೇ ಕಡೆ: ಮೇಲೆ ಕೊಳೆತು ಪುಡಿಯಾದ ಕಲ್ಲಿನಲ್ಲಿ, ಕೆಳಗೆ ಬಿರುಕುಗಳಲ್ಲಿ. ಡ್ರಿಲ್ಲರ್‌ಗಳು 'ಗ್ಯಾಪ್ ಸಿಕ್ತು' ಅನ್ನುತ್ತಾರಲ್ಲ, ಆ ಗ್ಯಾಪೇ ಈ ಬಿರುಕು. ಅದು ಸಿಗದಿದ್ದರೆ ಸಾವಿರ ಅಡಿ ಕೊರೆದರೂ ಬರುವುದು ಕಲ್ಲಿನ ಹಿಟ್ಟೇ. 'ಭೂಮಿಯೊಳಗೆ ನದಿ ಹರಿಯುತ್ತೆ' ಅನ್ನುವ ನಂಬಿಕೆ ನಮ್ಮ ಕಡೆ ಎಷ್ಟು ಮನೆ ಮುರಿದಿದೆಯೋ ಲೆಕ್ಕವಿಲ್ಲ.

ನಾನು ಊರಿಗೆ ಹೋಗುವ ಮೊದಲು ಆ ಭಾಗದ ನಕ್ಷೆ ತೆಗೆದು ನೋಡಿದೆ. ಗ್ರಾನೈಟಿನ ಬಣ್ಣದ ಮೇಲೆ ಪೂರ್ವ ಪಶ್ಚಿಮವಾಗಿ ಒಂದು ಸಣ್ಣ ಗೆರೆ. ಡೊಲರೈಟ್ ಡೈಕ್. ಅಂದರೆ ಸುಮಾರು 200 ಕೋಟಿ ವರ್ಷಗಳ ಹಿಂದೆ ಬಂಡೆ ಸೀಳಿದಾಗ ಆ ಸೀಳಿನೊಳಗೆ ಕರಗಿದ ಕಲ್ಲು ಕೆಳಗಿನಿಂದ ನುಗ್ಗಿ ಹೆಪ್ಪುಗಟ್ಟಿ, ಗೋಡೆಯ ಹಾಗೆ ನಿಂತದ್ದು. ದೊಡ್ಡಪ್ಪನ ಹೊಲಕ್ಕೆ ಹೋಗಿ ನೋಡಿದರೆ ಬದುವಿನ ಪಕ್ಕದಲ್ಲೇ ಸಾಲಾಗಿ ಗುಂಡುಗುಂಡು ಕರಿಕಲ್ಲು. ಊರವರು ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಜಮೀನು ಉತ್ತರಕ್ಕೆ ಇಳಿಜಾರು. ಮಳೆಯ ನೀರು ಇಂಗಿ ನೆಲದೊಳಗೆ ದಕ್ಷಿಣದಿಂದ ಉತ್ತರಕ್ಕೆ ನಿಧಾನವಾಗಿ ಜಿನುಗುತ್ತದೆ. ಈ ಕರಿಕಲ್ಲಿನ ಗೋಡೆ ಅದನ್ನು ತಡೆಯುತ್ತದೆ, ನೆಲದೊಳಗೆ ಒಡ್ಡು ಹಾಕಿದ ಹಾಗೆ. ನಾಲ್ಕು ಬೋರ್‌ಗಳೂ ಒಡ್ಡಿನ ಕೆಳಗಿದ್ದವು!

ಗೋಡೆಯ ಮೇಲ್ಬದಿಗೆ, ಎರಡು ಕಲ್ಲು ಕೂಡುವ ಜಾಗದಿಂದ ಸ್ವಲ್ಪ ದೂರದಲ್ಲಿ, ನೆಲಕ್ಕೆ ಕರೆಂಟು ಹರಿಸಿ ಅಳೆಯುವ ಮೀಟರ್ ಇಟ್ಟು ನೋಡಿ ಪಾಯಿಂಟ್ ಹಾಕಿದೆ. 190 ಅಡಿಗೆ ಎರಡಿಂಚು ನೀರು ಬಂತು. ದೊಡ್ಡಪ್ಪ ನನ್ನನ್ನು ಹೊಗಳಲಿಲ್ಲ. 'ಈ ಕರಿಕಲ್ಲು ನಾನು ಹುಟ್ಟಿದಾಗಿಂದ ನೋಡ್ತಿದೀನಿ ಕಣೋ' ಅಂದರು ಅಷ್ಟೆ.

ಕಥೆ ಇಲ್ಲಿಗೇ ನಿಲ್ಲಿಸಿದರೆ ನಾನೂ ತೆಂಗಿನಕಾಯಿಯವರ ಸಾಲಿಗೇ ಸೇರುತ್ತೇನೆ. ಸುದ್ದಿ ಹಬ್ಬಿ ಅಕ್ಕಪಕ್ಕದವರೆಲ್ಲ ಅದೇ ಕರಿಕಲ್ಲಿನ ಸಾಲು ಹಿಡಿದು ಕೊರೆಸಿದರು. ಮೂರು ವರ್ಷಕ್ಕೆ ನೀರು ಅರ್ಧಕ್ಕೆ ಇಳಿಯಿತು. ನೀರು ಎಲ್ಲಿ ನಿಂತಿರಬಹುದು ಅಂತ ನಕ್ಷೆ ಹೇಳುತ್ತದೆ. ಎಷ್ಟು ಜನ ಸೇರಿ ಅದನ್ನು ಎತ್ತುತ್ತಾರೆ ಅನ್ನುವುದು ಅದರ ಕೈಯಲ್ಲಿಲ್ಲ. ಇನ್ನು ಪಾಯಿಂಟ್ ನೋಡುವವರನ್ನೆಲ್ಲ ನಾನು ಗೇಲಿ ಮಾಡುವುದೂ ಇಲ್ಲ. ಹುತ್ತ, ಮರ, ಹಸಿರು ಉಳಿದ ಪೊದೆ ನೋಡಿ ಊಹಿಸುವ ಹಳಬರು ಕೆಲವರಿದ್ದಾರೆ. ವರಾಹಮಿಹಿರನ ಕಾಲದಿಂದಲೂ ಆ ತಿಳಿವಳಿಕೆ ಇದೆ. ಕಾಯಿ ಮಾತ್ರ ನನಗೆ ಅರ್ಥವಾಗಿಲ್ಲ.

ಈ ಕಥೆಯಲ್ಲಿ ನೀವು ಗಮನಿಸಬೇಕಾದದ್ದು ಆ ಸಣ್ಣ ಗೆರೆ. ಅದನ್ನು ಎಳೆದವರು ಯಾರೋ, ಎಷ್ಟೋ ದಶಕದ ಹಿಂದೆ ಬಿಸಿಲಲ್ಲಿ ನಡೆದು ಎಳೆದದ್ದು. ಅವರಿಗೆ ದೊಡ್ಡಪ್ಪನೂ ಗೊತ್ತಿಲ್ಲ, ಬೋರ್‌ವೆಲ್ಲೂ ಗೊತ್ತಿಲ್ಲ. ನಮ್ಮ ಕೆಲಸದ ಸ್ವಭಾವವೇ ಹಾಗೆ, ಗೆರೆ ಒಬ್ಬರದು, ಲಾಭ ಇನ್ನೊಬ್ಬರದು, ಅದೂ ಬಹಳ ತಡವಾಗಿ. ಅದಕ್ಕೇ ಜನಕ್ಕೆ ಕಾಣುವುದಿಲ್ಲ.

ಹಿಂದಕ್ಕೆ ಹೋದರೂ ಇದೇ. 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಶುರುವಾದದ್ದು ಬ್ರಿಟಿಷರಿಗೆ ಕಲ್ಲಿದ್ದಲು ಬೇಕಿತ್ತು ಅಂತ. ಆ ಸಂಸ್ಥೆಗೆ 1858ರಲ್ಲಿ ಸೇರಿದ ರಾಬರ್ಟ್ ಬ್ರೂಸ್ ಫೂಟ್ ಅನ್ನುವವರು ದಕ್ಷಿಣದಲ್ಲೆಲ್ಲ ಕುದುರೆ ಮೇಲೆ, ಕಾಲ್ನಡಿಗೆಯಲ್ಲಿ ತಿರುಗಿದರು. ಕಲ್ಲು ನೋಡಲು ಹೋದವರಿಗೆ 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಕೊಡಲಿ ಸಿಕ್ಕಿತು. ಭಾರತದ ಪ್ರಾಗಿತಿಹಾಸ ಅನ್ನುವ ಓದು ಶುರುವಾದದ್ದೇ ಅಲ್ಲಿಂದ! ಅದೇ ಫೂಟ್ ನಮ್ಮ ಕಡೆಯ ಕಪ್ಪು ಹಸಿರು ಪದರಗಲ್ಲಿನ ಪಟ್ಟಿಗಳನ್ನು ಸುತ್ತಲ ಬಿಳಿಚು ಕಲ್ಲಿನಿಂದ ಬೇರೆ ಮಾಡಿ, ಧಾರವಾಡದ ಹೆಸರಿಟ್ಟರು. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಹುಡುಕುವವರು ಇಡೀ ಸಂಸ್ಥಾನ ಅಗೆಯಬೇಕಾಗಿಲ್ಲ, ಈ ಪಟ್ಟಿಗಳನ್ನು ನೋಡಿದರೆ ಸಾಕು ಅನ್ನುವ ಹಾಗಾಯಿತು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಕಟ್ಟಿದಾಗ ಮೊದಲ ಮುಖ್ಯಸ್ಥರು ಅವರೇ.

ಕೋಲಾರದ ಚಿನ್ನದ ವಿಷಯ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ಕೆಲವೇ ಕಿಲೋಮೀಟರ್ ಅಗಲದ ಒಂದು ಕಪ್ಪು ಪಟ್ಟಿ, ಅದರಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ, 2001ರಲ್ಲಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ. ಆ ಗಣಿಗೆ ಕರೆಂಟು ಬೇಕಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆದರು. ಲಾಭ ಯಾರಿಗಾಯಿತು ಅಂತ ನೀವು ಕೇಳಿದರೆ ನನ್ನ ಬಳಿ ಹಿತವಾದ ಉತ್ತರವಿಲ್ಲ. ಕೆ.ಜಿ.ಎಫ್.ನಲ್ಲಿ ಇವತ್ತಿಗೂ ಗಾಳಿ ಬೀಸಿದರೆ ಸಯನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಕಲ್ಲುಹಿಟ್ಟಿನ ರಾಶಿಯ, ಪುಡಿ ಮನೆಯೊಳಗೆ ಬರುತ್ತದೆ. ಬಳ್ಳಾರಿಯ ಅದಿರೂ ನಕ್ಷೆಯಲ್ಲಿ ಬಹಳ ಹಿಂದೆಯೇ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಬೇಕಾಗಿ ಬಂದದ್ದು ನಕ್ಷೆಯ ತಪ್ಪಿನಿಂದಲ್ಲ. ನಮ್ಮ ಕೆಲಸವನ್ನು ಬರೀ ಹೊಗಳಿ ಬರೆಯುವವರು ಈ ಎರಡು ಊರುಗಳಿಗೆ ಒಮ್ಮೆ ಹೋಗಿ ಬರಲಿ.

ಹಣದ ಲೆಕ್ಕ ಬೇಕು ಅನ್ನುವವರಿಗೆ ಒಂದು ಹೊರಗಿನ ಉದಾಹರಣೆ. ಅಮೆರಿಕದ ಕೆಂಟಕಿ ರಾಜ್ಯ 1960ರಿಂದ 1978ರ ತನಕ ಕೂತು ಇಡೀ ರಾಜ್ಯದ ವಿವರವಾದ ನಕ್ಷೆ ಮಾಡಿಸಿತು, ಒಟ್ಟು 707 ಹಾಳೆ. ಉದ್ದೇಶ ಮುಖ್ಯವಾಗಿ ಕಲ್ಲಿದ್ದಲು, ಎಣ್ಣೆ, ಖನಿಜ. 2000ನೇ ಇಸವಿಯಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಆ ನಕ್ಷೆ ಬಳಸಿದವರನ್ನು ಕೇಳಿ ಲೆಕ್ಕ ಹಾಕಿದರೆ, ಹಾಕಿದ ದುಡ್ಡಿನ 25ರಿಂದ 39 ಪಟ್ಟು ವಾಪಸ್ ಬಂದಿತ್ತು. ಅಷ್ಟು ಹೊತ್ತಿಗೆ ಅದನ್ನು ಬಳಸುತ್ತಿದ್ದವರು ಗಣಿಯವರಷ್ಟೇ ಅಲ್ಲ. ಕುಡಿಯುವ ನೀರಿನವರು, ರಸ್ತೆ ಮಾಡುವವರು, ಕಸ ಎಲ್ಲಿ ಹೂಳಬೇಕು ಅಂತ ನೋಡುವವರು. ಇಲ್ಲೂ ಗೆರೆ ಒಬ್ಬರದು, ಲಾಭ ಇನ್ನೊಬ್ಬರದು.

ಮತ್ತೆ ನಮ್ಮ ಸೀಮೆಗೆ ಬರೋಣ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳನ್ನು ನೀವೂ ನೋಡಿರುತ್ತೀರಿ. ವಯಸ್ಸಾದ ಮೇಲೆ ಮೂಳೆ ಬಿಗಿದು ಬೆನ್ನು ಬಗ್ಗಿದವರನ್ನೂ. ಅದು ನೀರಿನ ಫ್ಲೋರೈಡ್, ಮೂಲ ಅದೇ ಗ್ರಾನೈಟಿನೊಳಗಿನ ಖನಿಜಗಳು. ನೀರು ಕಲ್ಲಿನ ಜೊತೆ ಎಷ್ಟು ಹೆಚ್ಚು ಕಾಲ ಇರುತ್ತದೋ ಅಷ್ಟು ಹೆಚ್ಚು ಫ್ಲೋರೈಡ್ ಹೀರುತ್ತದೆ. ತೆರೆದ ಬಾವಿಯ ನೀರು ಕುಡಿದ ಕಾಲದಲ್ಲಿ ಇಷ್ಟಿರದಿದ್ದದ್ದು, ಆಳದ ಬೋರ್ ಬಂದ ಮೇಲೆ ಹೆಚ್ಚಿದ್ದು ಅದಕ್ಕೇ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಅನ್ನುವುದು ನಮ್ಮ ದೇಶದ ಮಾನದಂಡ. ಕಣ್ಣಿಗೆ, ನಾಲಿಗೆಗೆ ಇದು ಗೊತ್ತೇ ಆಗುವುದಿಲ್ಲ. ಯಾವ ಕಲ್ಲಿನ ಮೇಲೆ ಊರು ಕೂತಿದೆ ಅಂತ ಗೊತ್ತಿದ್ದರೆ ಯಾವ ಊರಿನ ನೀರನ್ನು ಮೊದಲು ಪರೀಕ್ಷೆ ಮಾಡಬೇಕು ಅನ್ನುವುದಾದರೂ ಗೊತ್ತಾಗುತ್ತದೆ. ನಿಮ್ಮ ಮನೆಯ ಬೋರ್ ಆಳದ್ದಾಗಿದ್ದರೆ ದಯವಿಟ್ಟು ಒಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ.

ಘಟ್ಟದ ಕಡೆ ಲೆಕ್ಕವೇ ಬೇರೆ. ಅಲ್ಲಿ ಮೇಲೆ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕಲ್ಲು, ನಡುವೆ ಮೆತ್ತನೆಯ ಶೇಡಿ ಮಣ್ಣು, ಹಿಂದೆ ಗೋಡೆಗೆ ಬಳಿಯುತ್ತಿದ್ದರಲ್ಲ ಅದೇ. ಜೋರು ಮಳೆಗೆ ಜಂಬಿಟ್ಟಿಗೆ ನೀರು ಕುಡಿದು ಭಾರವಾಗುತ್ತದೆ, ಶೇಡಿ ನೆನೆದು ಬೆಣ್ಣೆಯಾಗುತ್ತದೆ. ಅಂಥ ಗುಡ್ಡದ ಬುಡವನ್ನು ರಸ್ತೆಗೋ ಮನೆಗೋ ಕಡಿದರೆ ಮೇಲಿನದ್ದು ನಿಲ್ಲುವುದು ಯಾವುದರ ಮೇಲೆ? 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಮನೆ ತೋಟ ಸಮೇತ ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು, ಚಹಾದಂಗಡಿಯನ್ನೂ ನಿಂತ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿತು. ಭೂವೈಜ್ಞಾನಿಕ ಸರ್ವೇಕ್ಷಣೆಯವರು 2014ರಿಂದ ದೇಶದ ಗುಡ್ಡಗಾಡಿನ ಸುಮಾರು 4.2 ಲಕ್ಷ ಚದರ ಕಿಲೋಮೀಟರಿಗೆ ಭೂಕುಸಿತದ ಸಾಧ್ಯತೆಯ ನಕ್ಷೆ ಮಾಡಿದ್ದಾರೆ. ಅದರ ಅಳತೆಯಲ್ಲಿ ಕಾಗದದ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹಾಗಾಗಿ 'ಈ ಮನೆ ಬೀಳುತ್ತದೆ' ಅಂತ ಅದು ಹೇಳಲಾರದು, 'ಈ ಮೈಯ ಗುಡ್ಡಕ್ಕೆ ಜೆಸಿಬಿ ಹಚ್ಚುವ ಮುಂಚೆ ಯೋಚಿಸಿ' ಅಂತ ಹೇಳಬಲ್ಲದು. ಕೇಳುವವರು ಎಷ್ಟು ಜನ ಅನ್ನುವುದು ಬೇರೆ ಮಾತು. ನನ್ನ ಕೆಲಸದ ದಿನಗಳಲ್ಲಿ ಬರೆದುಕೊಟ್ಟ ಒಂದು ವರದಿಯ ಪಿನ್ ಕೂಡ ಬಿಚ್ಚದೆ ಕಡತದಲ್ಲಿ ಇದ್ದದ್ದನ್ನು ನಾನೇ ಕಂಡಿದ್ದೇನೆ.

ಕೆಳಗೆ ಯಾವ ಕಲ್ಲಿದೆ ಅಂತ ತಿಳಿದಿರಬೇಕು ಅನ್ನುವುದು ಬೆಂಗಳೂರಿನವರಿಗೆ ನೆಲದಡಿಯ ಮೆಟ್ರೊ ಸುರಂಗದಲ್ಲಿ ಗೊತ್ತಾಯಿತು. ಒಂದು ಮಾರು ಮಣ್ಣು, ಮುಂದಿನ ಮಾರು ಗ್ರಾನೈಟ್ ಗುಂಡು. ಯಂತ್ರದ ಹಲ್ಲು ಸವೆದದ್ದೇ ಸವೆದದ್ದು.

ಇನ್ನು ನಿಮಗೆ ಕೈಗೆ ಸಿಗುವಂಥದ್ದು. ಸರ್ವೇಕ್ಷಣೆಯವರ 'ಭೂಕೋಶ್' ಅನ್ನುವ ತಾಣದಲ್ಲಿ ದೇಶದ ಭೂವೈಜ್ಞಾನಿಕ ನಕ್ಷೆಗಳು ಸಾರ್ವಜನಿಕರಿಗೆ ಸಿಗುತ್ತವೆ. ಮೊದಲ ಸಲ ನೋಡಿದರೆ ರಂಗೋಲಿ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ, ಹೆದರಬೇಡಿ. ನಿಮ್ಮ ಊರು ಹುಡುಕಿ, ಅಲ್ಲಿ ಯಾವ ಬಣ್ಣ ಇದೆ, ಉದ್ದಕ್ಕೆ ಹೋಗುವ ಗೆರೆಗಳು ಎಲ್ಲಿವೆ ಅಂತ ಗುರುತು ಹಾಕಿಕೊಂಡು ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಕಂಡು ಕೇಳಿ. ಬೋರ್ ಕೊರೆಸುವ ಮುಂಚೆ ಕೇಳಿ, ಕೊರೆಸಿದ ಮೇಲೆ ಅಲ್ಲ.

ಮತ್ತೆ ಆ ಇಬ್ಬರು ಇನ್ನೊಮ್ಮೆ ಬಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು, ಹೊಲದಲ್ಲಿ ಪಾಳುಬಿದ್ದ ಹಳೇ ತೆರೆದ ಬಾವಿ ಇದ್ದರೆ ತೋರಿಸಿ. ಮೇಲಿನ ಮಣ್ಣಿನಿಂದ ಗಟ್ಟಿ ಕಲ್ಲಿನ ತನಕ ನೆಲವನ್ನು ಸೀಳಿ ತೋರಿಸುವ ಅಂಥ ಬಾವಿ ಸಿಕ್ಕರೆ ನಮಗೆ ಹಬ್ಬ. ಇಳಿದು ನೋಡಿ ಬರೆದುಕೊಂಡೇ ಹೋಗುತ್ತಾರೆ. ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಯಾವ ಬದಿಯಿಂದ ಜಲ ಬರುತ್ತಿತ್ತು ಅನ್ನುವುದು ನಿಮ್ಮ ತಂದೆಯವರಿಗೆ ನೆನಪಿದ್ದರೆ ಅದನ್ನೂ ಹೇಳಲು ಹೇಳಿ.