ಮಾತ್ರೆ ಡಬ್ಬಿ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ತಂದೆಗೆ 76 ವರ್ಷ. ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ, ದಿನಕ್ಕೆ ಏಳು ಮಾತ್ರೆ. ಎಲ್ಲವನ್ನೂ ನಾನೇ ಎತ್ತಿ ಕೊಡುತ್ತೇನೆ. ನಾನು ಮನೆಯಲ್ಲಿಲ್ಲದ ದಿನ ಏರುಪೇರಾಗುತ್ತದೆ. ಈ ವಯಸ್ಸಿನಲ್ಲಿ ಅವರಿಗೇ ಬಿಡಬಹುದೇ?

ಉತ್ತರ: ನೆನಪು, ದೃಷ್ಟಿ ನೆಟ್ಟಗಿದ್ದರೆ ಬಿಡಬಹುದು, ಬಿಡಬೇಕು ಕೂಡ. ಆದರೆ ಒಂದೇ ದಿನದಲ್ಲಿ ಅಲ್ಲ.

ಮೊದಲು ಮನೆಯಲ್ಲಿರುವ ಔಷಧಿಯನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ಕಣ್ಣಿನ ಹನಿ, ನೋವಿನ ಮಾತ್ರೆ, ಡ್ರಾಯರಿನ ಹಳೆಯ ಸ್ಟ್ರಿಪ್ಪುಗಳೂ ಬರಲಿ. ತಂದೆಯವರೇ ಒಂದು ಹಾಳೆಯಲ್ಲಿ ಬರೆಯಲಿ: ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ, ಯಾತಕ್ಕೆ. ಕಂಪನಿ ಇಟ್ಟ ಹೆಸರಲ್ಲ, ಒಳಗಿರುವ ಮದ್ದಿನ ಹೆಸರು ಬೇಕು. ಇಬ್ಬರು ವೈದ್ಯರು ಬರೆದ ಎರಡು ಹೆಸರಿನ ಮಾತ್ರೆಗಳಲ್ಲಿ ಒಂದೇ ಮದ್ದಿರುವುದು ಎಷ್ಟೋ ಸಲ ಇಲ್ಲೇ ಬಯಲಾಗುತ್ತದೆ. ‘ಯಾತಕ್ಕೆ’ ಎಂಬ ಕಾಲಂ ಖಾಲಿ ಉಳಿದರೆ ಅದೇ ಮುಂದಿನ ಭೇಟಿಯ ಪ್ರಶ್ನೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳಿಗೆ ಕೆಂಪು ಗುರುತು ಹಾಕಿ. ಕೆಲವು ಬಿ.ಪಿ. ಮಾತ್ರೆಗಳ ಜೊತೆ ಸೇರಿದರೆ ಇವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಆಮೇಲೆ ಏಳು ದಿನದ ಡಬ್ಬಿ. ಮೊದಲ ವಾರ ನೀವು ತುಂಬಿಸಿ, ಅವರು ನೋಡಲಿ. ಎರಡನೇ ವಾರ ಅವರು ತುಂಬಿಸಲಿ, ನೀವು ಹಾಳೆ ಹಿಡಿದು ತಾಳೆ ನೋಡಿ. ಮೂರನೇ ವಾರದಿಂದ ಭಾನುವಾರ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಗಂಟು ನೋವಿನ ಬೆರಳಿಗೆ ಡಬ್ಬಿಯ ಮುಚ್ಚಳ ತೆರೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಎಷ್ಟೋ ಡಬ್ಬಿ ಇದೇ ಕಾರಣಕ್ಕೆ ಮೂಲೆ ಸೇರುತ್ತವೆ. ಎಲ್ಲ ಮಾತ್ರೆಯನ್ನೂ ಡಬ್ಬಿಗೆ ಹಾಕುವಂತಿಲ್ಲ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಅದರ ಸೀಸೆಯಲ್ಲೇ ಇರಬೇಕು. ಗಂಟುವಾತದಂಥ ಕಾಯಿಲೆಗೆ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಇದ್ದರೆ, ಸೋಮವಾರವೋ ಮಂಗಳವಾರವೋ, ಆ ದಿನದ ಹೆಸರನ್ನು ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ. ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ತುಂಬಿಸುವಾಗ ತಪ್ಪಾದರೆ ಗದರಬೇಡಿ, ಕಾರಣ ಹುಡುಕಿ: ಸಣ್ಣ ಅಕ್ಷರ, ಒಂದೇ ಥರದ ಬಿಳಿ ಮಾತ್ರೆಗಳು, ಮಂದ ಬೆಳಕು. ಆದರೆ ನಾಲ್ಕೈದು ದಿನಗಳಲ್ಲೇ ಹೊಸದಾಗಿ ಗೊಂದಲ ಶುರುವಾದರೆ ‘ವಯಸ್ಸಾಯಿತು’ ಎಂದು ಸುಮ್ಮನಿರಬೇಡಿ. ಸೋಂಕು ಅಥವಾ ಹೊಸ ಔಷಧಿ ಕಾರಣವಿರಬಹುದು, ಕೂಡಲೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನಗೆ 68. ಮನೆಯಲ್ಲಿ ನಾನೇ ಬಿ.ಪಿ. ನೋಡಿಕೊಂಡರೆ ಒಮ್ಮೆ 152, ಹತ್ತು ನಿಮಿಷಕ್ಕೆ 134. ಯಂತ್ರ ಕೆಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಯಂತ್ರದ ತಪ್ಪಲ್ಲ, ಕೂರುವ ಕ್ರಮದ್ದು. ಕಾಫಿ, ಸಿಗರೇಟು, ವಾಕಿಂಗ್ ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕುಳಿತಿರಿ. ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಪಟ್ಟಿಯನ್ನು ಬರಿ ತೋಳಿಗೇ ಸುತ್ತಿ, ಬಟ್ಟೆಯ ಮೇಲಲ್ಲ. ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ.

ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ನೋಡಿ, ಒಂದು ಪುಸ್ತಕದಲ್ಲಿ ಬರೆದಿಡಿ. ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದುದರ ಸರಾಸರಿ ತೆಗೆಯಿರಿ. ಅದು 135/85 ದಾಟಿದರೆ ಪುಸ್ತಕದೊಂದಿಗೆ ವೈದ್ಯರ ಬಳಿ ಹೋಗಿ. ಒಂದು ಅಂಕಿ ನೋಡಿ ಮಾತ್ರೆ ಏರಿಸುವುದು, ಇಳಿಸುವುದು ಬೇಡ. ಎದ್ದಾಗ ತಲೆ ಸುತ್ತಿದರೆ, ನಿಂತು 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ನೋಡಿ; ಕೂತಾಗ ಇದ್ದುದಕ್ಕಿಂತ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಬೀಳುವ ಭಯವಿದೆ, ತಿಳಿಸಿ. 180/120 ದಾಟಿದ್ದು ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು, ಒಂದು ಕಡೆಯ ನಿಶ್ಶಕ್ತಿ ಜೊತೆಗಿದ್ದರೆ ಪುಸ್ತಕ ಮುಚ್ಚಿ, ಆಂಬುಲೆನ್ಸ್ ಕರೆಯಿರಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೆಲವು ರಾತ್ರಿ ಬೆವರಿ, ಕೈ ನಡುಗುತ್ತದೆ. ಏನು ಮಾಡಲಿ?

ಉತ್ತರ: ಸಕ್ಕರೆ ಇಳಿದಿರಬಹುದು. ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದೆಂದು ಮನೆಯವರಿಗೆ ಹೇಳಿಡಿ. ಈ ಮಾತ್ರೆಯಿಂದ ಇಳಿದ ಸಕ್ಕರೆ ಒಮ್ಮೆ ಸರಿಹೋದರೂ ಮತ್ತೆ ಇಳಿಯಬಹುದು, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. ಒಂದು ಸಲವಾದರೂ ವೈದ್ಯರಿಗೆ ಹೇಳಿ, ಮದ್ದು ಬದಲಿಸಬೇಕಾಗಬಹುದು.

ಪ್ರಶ್ನೆ: ಡಾಕ್ಟರು ಕೇಳಿದ್ದಕ್ಕೆಲ್ಲ ಮಗನೇ ಉತ್ತರ ಹೇಳುತ್ತಾನೆ. ನನ್ನ ಮಾತು ಉಳಿದೇ ಹೋಗುತ್ತದೆ.

ಉತ್ತರ: ಡಾಕ್ಟರ ಹತ್ತಿರದ ಕುರ್ಚಿಯಲ್ಲಿ ನೀವು ಕೂರಿ, ಮಗನ ಕೈಗೆ ಪೆನ್ನು ಕೊಡಿ. ಮೂರು ಪ್ರಶ್ನೆ ಮೊದಲೇ ಬರೆದಿಡಿ, ಮುಖ್ಯವಾದುದು ಮೊದಲು. ಎದ್ದು ಬರುವ ಮುನ್ನ ‘ಇದನ್ನು ನಿಲ್ಲಿಸಬೇಕು, ಇದು ಅರ್ಧ, ಹೌದಲ್ಲವೇ?’ ಎಂದು ನಿಮ್ಮ ಮಾತಿನಲ್ಲೇ ಹೇಳಿ. ತಪ್ಪು ತಿಳಿದಿದ್ದರೆ ಡಾಕ್ಟರು ಅಲ್ಲೇ ತಿದ್ದುತ್ತಾರೆ. ಕಿವಿ ಮಂದವಾಗಿದ್ದರೆ ಅದನ್ನೇ ಮೊದಲ ವಾಕ್ಯವಾಗಿ ಹೇಳಿಬಿಡಿ.