ನಿದ್ರೆ ದಂತವೈದ್ಯಕೀಯದ ಕೇಸ್ ಬರೆಯೋದು ಹೇಗೆ?

ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಕೆಳದವಡೆ ಮುಂದಕ್ಕೆ ಹಿಡಿಯುವ ಸಾಧನ ಕೊಟ್ಟಿದ್ದೀರಿ, ಅದನ್ನು ಕೇಸ್ ರಿಪೋರ್ಟ್ (ಒಬ್ಬ ರೋಗಿಯ ಚಿಕಿತ್ಸೆ ಬಗ್ಗೆ ಪ್ರಕಟಿಸುವ ವರದಿ) ಮಾಡೋದು ಹೇಗೆ ಅಂತ ಕೇಳಿದ್ದೀರಿ.

‘ಗೊರಕೆ ಜಾಸ್ತಿ ಇತ್ತು, ಈಗ ಕಮ್ಮಿ’ ಅಂದರೆ ಸಾಲದು. ಸ್ಲೀಪ್ ಸ್ಟಡಿಯ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆಯ) ಎಎಚ್‌ಐ ಬೇಕು, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಅನ್ನೋ ಲೆಕ್ಕ. 5ರಿಂದ 15 ಸೌಮ್ಯ, 30ರ ತನಕ ಮಧ್ಯಮ, ಆಮೇಲೆ ತೀವ್ರ. ರೋಗ ಗುರುತಿಸಿದ್ದು ನಿದ್ರೆ ವೈದ್ಯರು ಅಂತಲೂ ಬರೆಯಿರಿ. ದವಡೆಯನ್ನು ಎಷ್ಟು ಮಿಲಿಮೀಟರ್ ಮುಂದೆ ತಂದಿರಿ, ಬೆಳಿಗ್ಗೆ ಹಲ್ಲು ಮೊದಲಿನಂತೆ ಕೂರುತ್ತಿತ್ತಾ, ಎಲ್ಲ ಇರಲಿ. ಸಾಧನ ಹಾಕಿಕೊಂಡೇ ಎರಡನೇ ಸ್ಟಡಿ ಆಗದಿದ್ದರೆ ನನ್ನ ಪ್ರಕಾರ ಕೇಸ್ ಅರ್ಧವೇ. (ಅದಕ್ಕಾಗಿ ಜುಲೈ ಮಳೆಯಲ್ಲಿ ಕೊಡಗಿನಿಂದ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಅಂದರೆ ಯಾರು ಒಪ್ತಾರೆ? ಮನೆಯಲ್ಲೇ ಮಾಡುವ ಪರೀಕ್ಷೆಯಾದರೂ ಮಾಡಿಸಿ.)

ಇನ್ನೊಂದು, ಕೊಡಗು ಚಿಕ್ಕ ಜಿಲ್ಲೆ ಅಲ್ವಾ. ‘ಸೋಮವಾರಪೇಟೆಯ 58 ವರ್ಷದ ಕಾಫಿ ಬೆಳೆಗಾರ, ನಿವೃತ್ತ ಸೈನಿಕ’ ಅಂತ ಬರೆದರೆ ಸಂತೆಗೆ ಬಂದವರೆಲ್ಲ ಹೆಸರು ಹೇಳ್ತಾರೆ! ‘50 ದಾಟಿದ ಗಂಡಸು’ ಸಾಕು. ಫೋಟೋದಲ್ಲಿ ಬಾಯಿ ಮಾತ್ರ ಕಾಣಲಿ. ಲಿಖಿತ ಒಪ್ಪಿಗೆಯನ್ನು ಮೊದಲೇ ತಗೊಳ್ಳಿ, ಗುಣವಾದ ಮೇಲೆ ಅವರು ಕ್ಲಿನಿಕ್ ಕಡೆ ತಲೆ ಹಾಕೋದೇ ಅಪರೂಪ.