ಕಳುವಾದ ಬೈಕ್ ವಾಪಸ್ ಸಿಗುತ್ತಾ? ಮೊದಲ ದಿನ ಏನೇನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ಬಾಡಿಗೆ ಮನೆ ಮುಂದೆ ರಾತ್ರಿ ನಿಲ್ಲಿಸಿದ್ದ ಸ್ಪ್ಲೆಂಡರ್ ಬೆಳಿಗ್ಗೆ ಇರಲಿಲ್ಲ. ಬೈಕಿಗೆ 3 ವರ್ಷ ತುಂಬಿಲ್ಲ, ಇನ್ನೂ 8 ಕಂತು ಬಾಕಿ. ಠಾಣೆಯಲ್ಲಿ "ಎರಡು ದಿನ ಹುಡುಕಿ ನೋಡಿ, ಆಮೇಲೆ ಬನ್ನಿ" ಅಂದಿದ್ದಾರೆ. ಸಿಗುತ್ತಾ, ಈಗೇನು ಮಾಡಲಿ ಅಂತ ಕೇಳಿದ್ದೀರಿ.

ಸಿಗಬಹುದು, ಆಸೆ ಬಿಡಬೇಡಿ. ಆದರೆ ಕದ್ದ ಬೈಕ್‌ಗಳು ಸಾಮಾನ್ಯವಾಗಿ ಹೇಗೆ ಸಿಗುತ್ತವೆ ಅಂತ ಮೊದಲು ತಿಳಿದುಕೊಳ್ಳಿ. ಒಬ್ಬ ಕಳ್ಳ ಸಿಕ್ಕಿಬೀಳುತ್ತಾನೆ, ಅವನು ತೋರಿಸಿದ ಕಡೆ ಒಟ್ಟಿಗೆ ಹತ್ತು ಹದಿನೈದು ಬೈಕ್ ಸಿಗುತ್ತವೆ. ಅಷ್ಟೊತ್ತಿಗೆ ಎಷ್ಟೋ ಬೈಕ್‌ಗಳ ನಂಬರ್ ಪ್ಲೇಟ್ ಬದಲಾಗಿರುತ್ತದೆ, ಇಲ್ಲವೇ ಪ್ಲೇಟೇ ಇರುವುದಿಲ್ಲ. ಪೊಲೀಸರು ಹ್ಯಾಂಡಲ್ ಕೆಳಗಿನ ಕುತ್ತಿಗೆ ಪೈಪ್ ಒರೆಸಿ, ಅಲ್ಲಿ ಕೊರೆದಿರುವ ಚಾಸಿಸ್ ನಂಬರ್ ಓದಿ, ಅದನ್ನು ಕಂಪ್ಯೂಟರಿಗೆ ಹಾಕಿ ಯಾವ ಠಾಣೆಯಲ್ಲಿ ಕೇಸ್ ಇದೆ ಅಂತ ನೋಡುತ್ತಾರೆ. ನಿಮ್ಮ ಎಫ್‌ಐಆರ್‌ನಲ್ಲಿ ಆ ನಂಬರ್ ಸರಿಯಾಗಿದ್ದರೆ ನಿಮಗೆ ಫೋನ್ ಬರುತ್ತದೆ. ತಪ್ಪಿದ್ದರೆ ನಿಮ್ಮ ಬೈಕ್ ಯಾವುದೋ ಊರಿನ ಠಾಣೆಯ ಅಂಗಳದಲ್ಲಿ ವಾರಸುದಾರರಿಲ್ಲದ ಮಾಲಾಗಿ ನಿಂತಿರುತ್ತದೆ. ಹಾಗಾಗಿ ಇವತ್ತಿನ ಮುಖ್ಯ ಕೆಲಸ ಚಾಸಿಸ್ ನಂಬರಿನ 17 ಅಕ್ಷರಗಳನ್ನು ಎಫ್‌ಐಆರ್‌ಗೆ ತಪ್ಪಿಲ್ಲದೆ ಸೇರಿಸುವುದು.

ಆರ್‌ಸಿ ಬೈಕಿನ ಜೊತೆಗೇ ಹೋಗಿದ್ದರೂ ಚಿಂತೆಯಿಲ್ಲ. ಡಿಜಿಲಾಕರ್‌ನಲ್ಲಿ ಆರ್‌ಸಿ ಸಿಗುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ, ಶೋರೂಮಿನವರು ಕೊಟ್ಟ ಬಿಲ್ಲಿನಲ್ಲಿ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಇರುತ್ತವೆ. ಸ್ಪ್ಲೆಂಡರ್ ಆದ್ದರಿಂದ ಚಾಸಿಸ್ ನಂಬರ್ ಎಂಬಿಎಲ್ ಅಂತ ಶುರುವಾಗುತ್ತದೆ. ಈ ನಂಬರಿನಲ್ಲಿ ಐ, ಓ, ಕ್ಯೂ ಅನ್ನುವ ಇಂಗ್ಲಿಷ್ ಅಕ್ಷರಗಳು ಇರುವುದೇ ಇಲ್ಲ, ಹಾಗೆ ಕಾಣುವುದೆಲ್ಲ ಒಂದು, ಸೊನ್ನೆ. ಠಾಣೆಯಲ್ಲಿ ಟೈಪ್ ಮಾಡುವಾಗ ಸೊನ್ನೆಗೆ ಓ, 5ಕ್ಕೆ ಎಸ್, 8ಕ್ಕೆ ಬಿ ಬೀಳುವುದು ತೀರಾ ಸಾಮಾನ್ಯ. ಒಂದೇ ಒಂದು ಅಕ್ಷರ ತಪ್ಪಿದರೂ ಹುಡುಕಾಟದಲ್ಲಿ ನಿಮ್ಮ ಬೈಕ್ ಬರುವುದಿಲ್ಲ. ಸಹಿ ಹಾಕುವ ಮುಂಚೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ತಾಳೆ ನೋಡಿ.

ಠಾಣೆಗೆ ಹೋಗುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ: ಟ್ರಾಫಿಕ್ ಪೊಲೀಸರು ತೆಗೆದುಕೊಂಡು ಹೋಗಿಲ್ಲ, ಫೈನಾನ್ಸಿನವರು ಕಂತು ಬಾಕಿ ಅಂತ ಎತ್ತಿಕೊಂಡು ಹೋಗಿಲ್ಲ. ಎರಡಕ್ಕೂ ಒಂದೊಂದು ಫೋನ್ ಸಾಕು. ಬಳಿಕ 112ಕ್ಕೆ ಕರೆ ಮಾಡಿ ಕಳುವಾದ ವಿಷಯ ತಿಳಿಸಿ. ಆ ಕರೆಗೆ ದಿನ, ಹೊತ್ತು ದಾಖಲಾಗುತ್ತದೆ, ಮುಂದೆ "ತಡವಾಗಿ ಹೇಳಿದಿರಿ" ಅನ್ನುವ ಮಾತು ಬಂದರೆ ಅದೇ ನಿಮ್ಮ ಸಾಕ್ಷಿ.

"ಎರಡು ದಿನ ಹುಡುಕಿ ನೋಡಿ" ಅನ್ನುವ ಮಾತಿಗೆ ಕಾಯಬೇಡಿ. 2024ರ ಜುಲೈ 1ರ ನಂತರ ಬೈಕ್ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2) ಹಾಕುತ್ತಾರೆ, ಹಳೆಯ ಐಪಿಸಿ 379 ಇದ್ದ ಜಾಗಕ್ಕೆ ಬಂದದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಕೊಡಬೇಕು. ಕಳವು ಬೇರೆ ಠಾಣೆಯ ಸರಹದ್ದಿನಲ್ಲಿ ಆಗಿದ್ದರೂ ದೂರು ತೆಗೆದುಕೊಳ್ಳಬೇಕು. ಆನ್‌ಲೈನ್ ದಾರಿಯೂ ಇದೆ. ಕರ್ನಾಟಕ ಪೊಲೀಸ್ ಇಲಾಖೆಯ ನಾಗರಿಕ ಸೇವಾ ಪೋರ್ಟಲ್‌ನಲ್ಲಿ, ಕದ್ದವರು ಯಾರೆಂದು ಗೊತ್ತಿಲ್ಲದ ವಾಹನ ಕಳವಿಗೆ ಇ-ಎಫ್‌ಐಆರ್ ಸೌಲಭ್ಯ ಕೊಟ್ಟಿದ್ದಾರೆ. ಆನ್‌ಲೈನ್‌ನಲ್ಲಿ ಕೊಟ್ಟ ದೂರಿಗೆ 3 ದಿನದೊಳಗೆ ನೀವು ಸಹಿ ಹಾಕಬೇಕು, ಅದನ್ನು ಮರೆಯಬೇಡಿ. ಎಷ್ಟು ಕೇಳಿದರೂ ಎಫ್‌ಐಆರ್ ಹಾಕದಿದ್ದರೆ ಅದೇ ದೂರನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಎಸ್‌ಪಿಯವರಿಗೆ, ಬೆಂಗಳೂರು ನಗರದಲ್ಲಾದರೆ ಆ ವಿಭಾಗದ ಡಿಸಿಪಿಯವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು.

ಎನ್‌ಸಿಆರ್ (ಕೇಸ್ ಹಾಕದೆ ದೂರು ಬರೆದುಕೊಂಡ ಚೀಟಿ) ಅಥವಾ ಹಿಂಬರಹ (ದೂರು ಬಂದಿದೆ ಅನ್ನುವ ಸ್ವೀಕೃತಿ) ಕೊಟ್ಟು ಕಳಿಸಿದರೆ ಅದನ್ನೇ ಎಫ್‌ಐಆರ್ ಅಂದುಕೊಂಡು ಮನೆಗೆ ಬರಬೇಡಿ. ಇನ್ಶೂರೆನ್ಸಿನವರು ಅದನ್ನು ಒಪ್ಪುವುದಿಲ್ಲ. ಕ್ರೈಂ ನಂಬರ್ ಇರುವ ಎಫ್‌ಐಆರ್ ಪ್ರತಿಯೇ ಕೈಗೆ ಬರಬೇಕು.

ದೂರಿನಲ್ಲಿ ಉದ್ದದ ಕಥೆ ಬೇಡ. ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸಿದಿರಿ, ಬೆಳಿಗ್ಗೆ ಎಷ್ಟು ಗಂಟೆಗೆ ನೋಡಿದಿರಿ, ಹ್ಯಾಂಡಲ್ ಲಾಕ್ ಹಾಕಿತ್ತೇ, ಎರಡೂ ಕೀ ಎಲ್ಲಿವೆ, ಬಣ್ಣ, ಮಾಡೆಲ್, ಗಾಡಿ, ಚಾಸಿಸ್, ಎಂಜಿನ್ ಈ ಮೂರು ನಂಬರ್‌ಗಳು ಸಾಕು. ಇದಕ್ಕೆ ನಿಮ್ಮ ಬೈಕಿಗಷ್ಟೇ ಇರುವ ಎರಡು ಗುರುತು ಸೇರಿಸಿ: ಟ್ಯಾಂಕಿನ ಎಡಗಡೆ ತಗ್ಗು, ಬದಲಿಸಿದ ಇಂಡಿಕೇಟರ್, ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡ್, ಹೀಗೆ ಯಾವುದಾದರೂ. ನಂಬರ್ ಉಜ್ಜಿ ಹಾಕಿದ ಬೈಕ್ ಸಿಕ್ಕಾಗ ಈ ಗುರುತುಗಳು ಕೆಲಸಕ್ಕೆ ಬರುತ್ತವೆ. ಕೀ ಬೈಕಿನಲ್ಲೇ ಮರೆತಿದ್ದರೆ ಮುಚ್ಚಿಡಬೇಡಿ. ಕೀ ಬಿಟ್ಟ ಮಾತ್ರಕ್ಕೆ ಕ್ಲೇಮ್ ಪೂರ್ತಿ ಹೋಗುವುದಿಲ್ಲ, ಅಂಥ ಒಂದು ಲಾರಿ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ 75% ಕೊಡಲು ಹೇಳಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಬಿಡಿಗಾಸೂ ಬರುವುದಿಲ್ಲ.

ಸಿಸಿಟಿವಿ ವಿಷಯದಲ್ಲಿ ಒಂದು ದಿನವೂ ತಡ ಮಾಡಬೇಡಿ. ಅಂಗಡಿ, ಮನೆಗಳ ಡಿವಿಆರ್‌ಗಳಲ್ಲಿ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ, ಎಷ್ಟೋ ಕಡೆ ಒಂದು ವಾರ, ಹದಿನೈದು ದಿನಕ್ಕೆ ಅಳಿಸಿಹೋಗುತ್ತದೆ. ಮನೆಯಿಂದ ಮುಖ್ಯರಸ್ತೆವರೆಗೆ ನಡೆದುಕೊಂಡೇ ಹೋಗಿ ಯಾವ ಯಾವ ಕಟ್ಟಡಕ್ಕೆ ಕ್ಯಾಮೆರಾ ಇದೆ ಅಂತ ಬರೆದುಕೊಳ್ಳಿ. ಡಿವಿಆರ್ ಗಡಿಯಾರ ಬಹಳ ಕಡೆ ಹಿಂದೆ ಮುಂದೆ ಇರುತ್ತದೆ, ಹಾಗಾಗಿ ಪರದೆ ಪಕ್ಕದಲ್ಲಿ ನಿಮ್ಮ ಮೊಬೈಲ್ ಗಡಿಯಾರ ಹಿಡಿದು ಎರಡೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಎಷ್ಟು ನಿಮಿಷದ ವ್ಯತ್ಯಾಸ ಅಂತ ಗೊತ್ತಾದರೆ ಮುಂದಿನ ಕ್ಯಾಮೆರಾದಲ್ಲಿ ಹುಡುಕುವುದು ಸುಲಭ.

ಏನು ಹುಡುಕಬೇಕು ಅನ್ನುವುದನ್ನೂ ಹೇಳುತ್ತೇನೆ. ಸದ್ದಾಗಬಾರದು ಅಂತ ಕಳ್ಳರು ಮನೆ ಹತ್ತಿರ ಎಂಜಿನ್ ಶುರು ಮಾಡದೆ ತಳ್ಳಿಕೊಂಡು ಹೋಗುವುದುಂಟು, ಇಲ್ಲವೇ ಇನ್ನೊಬ್ಬ ಹಿಂದಿನ ಬೈಕಿನಿಂದ ಕಾಲು ಕೊಟ್ಟು ನೂಕುತ್ತಾನೆ. 2017ರ ಏಪ್ರಿಲ್ ನಂತರದ ಬೈಕ್‌ಗಳಲ್ಲಿ ಎಂಜಿನ್ ಓಡುತ್ತಿದ್ದರೆ ಹೆಡ್‌ಲೈಟ್ ಉರಿಯಲೇಬೇಕು, ಆರಿಸುವ ಸ್ವಿಚ್ಚೇ ಇಲ್ಲ. ಆದ್ದರಿಂದ ದೃಶ್ಯದಲ್ಲಿ ಲೈಟ್ ಇಲ್ಲದೆ ಉರುಳುತ್ತಿರುವ ಒಂದು ಬೈಕ್, ಅದಕ್ಕೆ ಅಂಟಿಕೊಂಡಂತೆ ಲೈಟ್ ಇರುವ ಇನ್ನೊಂದು ಬೈಕ್ ಕಂಡರೆ ಅಲ್ಲಿ ನಿಲ್ಲಿಸಿ ನೋಡಿ. ನಿಮ್ಮ ಬೈಕಿನ ನಂಬರಿಗಿಂತ ಆ ಎರಡನೇ ಬೈಕಿನ ನಂಬರ್ ಹೆಚ್ಚು ಬೆಲೆಯುಳ್ಳದ್ದು. ಮೊಬೈಲಿನಲ್ಲಿ ಪರದೆಯ ವಿಡಿಯೊ ಮಾಡಿಕೊಳ್ಳಿ, ಆದರೆ ಕೋರ್ಟಿಗೆ ಬೇಕಾದ ಪ್ರತಿ ಮತ್ತು ಅದರ ಪ್ರಮಾಣಪತ್ರವನ್ನು ತನಿಖಾಧಿಕಾರಿಯೇ ಪಡೆಯಬೇಕು. ಕ್ಯಾಮೆರಾ ಇರುವ ವಿಳಾಸಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟು, ಒಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಇನ್ನೊಂದು ಸುಳಿವು ತಾನಾಗಿಯೇ ಬರಬಹುದು: ದಂಡದ ಮೆಸೇಜ್. ಪ್ಲೇಟ್ ಬದಲಿಸದೆ ಓಡಿಸುವವರೂ ಇದ್ದಾರೆ. ಬೆಂಗಳೂರಿನ ಜಂಕ್ಷನ್ ಕ್ಯಾಮೆರಾಗಳು ಹೆಲ್ಮೆಟ್ ಇಲ್ಲದವರನ್ನು, ಸಿಗ್ನಲ್ ಹಾರಿದವರನ್ನು ತಾವೇ ಹಿಡಿದು ನೋಟಿಸ್ ಕಳಿಸುತ್ತವೆ. ಬೆಂಗಳೂರು ಟ್ರಾಫಿಕ್ ಪೊಲೀಸರ ಬಿಟಿಪಿ ಅಸ್ತ್ರಂ ಆಪ್‌ನಲ್ಲೋ ಕರ್ನಾಟಕ ಒನ್ ವೆಬ್‌ಸೈಟ್‌ನಲ್ಲೋ ಗಾಡಿ ನಂಬರ್ ಹಾಕಿ ಮೊದಲ ತಿಂಗಳು ದಿನಾ ಒಮ್ಮೆ ನೋಡಿ. ಹೊಸ ದಂಡ ಕಂಡರೆ ಜಾಗ, ಸಮಯ, ಸವಾರನ ಫೋಟೊ ಮೂರೂ ಒಟ್ಟಿಗೆ ಸಿಕ್ಕಂತೆ. ಅದನ್ನು ಆಗಿಂದಾಗ್ಗೆ ತನಿಖಾಧಿಕಾರಿಗೆ ಕಳಿಸಿ. ದಂಡ ಕಟ್ಟಬೇಡಿ, ಎಫ್‌ಐಆರ್ ಪ್ರತಿ ಕೊಟ್ಟು ಆಕ್ಷೇಪಣೆ ಹಾಕಿ. ಎಫ್‌ಐಆರ್ ಪ್ರತಿಯ ಜೊತೆ ಆರ್‌ಟಿಒ ಕಚೇರಿಗೂ ಪತ್ರ ಕೊಟ್ಟು ವಾಹನ್ (ಗಾಡಿ ನೋಂದಣಿಯ ಸರ್ಕಾರಿ ಕಂಪ್ಯೂಟರ್) ದಾಖಲೆಯಲ್ಲಿ ಕಳವು ಅಂತ ತಡೆ ಹಾಕಿಸಿ, ಆಗ ಯಾರೂ ಹೆಸರು ವರ್ಗಾವಣೆ ಮಾಡಿಸಲಾಗುವುದಿಲ್ಲ.

ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಹಾಕುವುದಾದರೆ ಗಾಡಿ ನಂಬರ್, ಫೋಟೊ ಹಾಕಿ, ಚಾಸಿಸ್ ನಂಬರ್ ಹಾಕಬೇಡಿ. ಅದನ್ನು ನೋಡಿ "ನಿಮ್ಮ ಬೈಕ್ ಇಲ್ಲಿದೆ, ಐದು ಸಾವಿರ ಹಾಕಿ, ಜಾಗ ಹೇಳ್ತೀನಿ" ಅನ್ನುವ ಕರೆ ಬರಬಹುದು. ನಿಜವಾಗಿ ನೋಡಿದವನು ಚಾಸಿಸ್ ನಂಬರಿನ ಕೊನೆಯ ನಾಲ್ಕು ಅಂಕಿ ಓದಿ ಹೇಳಬಲ್ಲ. ಹೇಳಲಾಗದವನಿಗೆ ಒಂದು ರೂಪಾಯಿಯೂ ಕಳಿಸಬೇಡಿ. ಮಾರಾಟದ ಜಾಹೀರಾತಿನಲ್ಲಿ ನಿಮ್ಮದೇ ಬೈಕ್ ಕಂಡರೂ ಒಬ್ಬರೇ ಹೋಗಬೇಡಿ, ಠಾಣೆಯವರನ್ನು ಕರೆದುಕೊಂಡೇ ಹೋಗಿ.

ಇನ್ಶೂರೆನ್ಸ್ ವಿಷಯದಲ್ಲಿ ಜನ ಎಡವುವ ಜಾಗ ಬೇರೆಯೇ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಪಾಲಿಸಿ ಮೇಲೆ ಆ 5 ವರ್ಷ ನೋಡಿ "ಇನ್ಶೂರೆನ್ಸ್ ಇದೆ" ಅಂದುಕೊಳ್ಳುತ್ತಾರೆ. ಕಳವಿಗೆ ಹಣ ಕೊಡುವುದು ಓನ್ ಡ್ಯಾಮೇಜ್ (ಸ್ವಂತ ಗಾಡಿಯ ನಷ್ಟದ) ಭಾಗ, ಅದು ಬಹಳಷ್ಟು ಪಾಲಿಸಿಗಳಲ್ಲಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ನಿಮ್ಮ ಪಾಲಿಸಿಯಲ್ಲಿ ಆ ಸಾಲಿನ ತಾರೀಖು ಈಗಲೇ ನೋಡಿ. ಚಾಲ್ತಿಯಲ್ಲಿದ್ದರೆ ಇವತ್ತೇ ಕ್ಲೇಮ್ ದಾಖಲಿಸಿ ನಂಬರ್ ಪಡೆಯಿರಿ. ಎಫ್‌ಐಆರ್ ಕೂಡಲೇ ಆಗಿದ್ದರೆ, ವಿಮಾ ಕಂಪನಿಗೆ ತಿಳಿಸುವುದು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತ 2020ರಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆ ವಾದದವರೆಗೆ ಹೋಗುವ ಪರಿಸ್ಥಿತಿ ತಂದುಕೊಳ್ಳುವುದು ಯಾಕೆ?

ಸಿಗುವ ಮೊತ್ತ ಪಾಲಿಸಿಯಲ್ಲಿ ಬರೆದ ಐಡಿವಿ, ಅಂದರೆ ಸವಕಳಿ ಕಳೆದು ಬೈಕಿಗೆ ಕಟ್ಟಿದ ಬೆಲೆ. ಪಾಲಿಸಿ ಶುರುವಾದಾಗ ಬೈಕಿಗೆ 2 ವರ್ಷ ದಾಟಿ 3 ವರ್ಷದೊಳಗಿದ್ದರೆ 30% ಸವಕಳಿ, ಅಂದರೆ 80,000 ರೂಪಾಯಿ ಬೆಲೆಯ ಬೈಕಿಗೆ 56,000. ಸಾಲ ಇರುವುದರಿಂದ ಬಾಕಿ ಮೊದಲು ಫೈನಾನ್ಸಿಗೆ ಹೋಗುತ್ತದೆ, ಉಳಿದದ್ದು ನಿಮಗೆ. ಅಲ್ಲಿಯವರೆಗೆ ಕಂತು ಕಟ್ಟುತ್ತಲೇ ಇರಿ, ಬೈಕ್ ಇಲ್ಲ ಅಂತ ನಿಲ್ಲಿಸಿದರೆ ಸಿಬಿಲ್ ಹಾಳಾಗುತ್ತದೆ. ಎರಡೂ ಕೀ ಒಪ್ಪಿಸಬೇಕು, ಆರ್‌ಟಿಒ ಫಾರಂಗಳಿಗೆ ಸಹಿ ಹಾಕಬೇಕು. ಇವೆಲ್ಲಕ್ಕಿಂತ ಹೆಚ್ಚು ಕಾಯಿಸುವುದು ಪೊಲೀಸರ ‘ಸಿ’ ರಿಪೋರ್ಟ್. ತನಿಖೆ ಮಾಡಿದರೂ ಪತ್ತೆಯಾಗಲಿಲ್ಲ ಅಂತ ಕೋರ್ಟಿಗೆ ಕೊಡುವ ವರದಿ ಅದು, ಕೆಲವು ತಿಂಗಳು ಹಿಡಿಯುತ್ತದೆ. ಅದು ‘ಬಿ’ ರಿಪೋರ್ಟ್ ಆಗದಂತೆ ನೋಡಿಕೊಳ್ಳಿ. ‘ಬಿ’ ಅಂದರೆ ದೂರೇ ಸುಳ್ಳು ಅಥವಾ ತಪ್ಪು ತಿಳಿವಳಿಕೆ ಅಂತ ಅರ್ಥ, ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ.

ಈಗ ಬೈಕ್ ಸಿಕ್ಕಿತು ಅಂದುಕೊಳ್ಳೋಣ. ಪೊಲೀಸರು ಮಹಜರು ಮಾಡಿ, ಪಿ.ಎಫ್. (ಜಪ್ತಿ ಮಾಡಿದ ಮಾಲಿನ ನಮೂನೆ) ನಂಬರ್ ಹಾಕಿ ಕೋರ್ಟಿಗೆ ತಿಳಿಸಿರುತ್ತಾರೆ. ಠಾಣೆಯಿಂದ ನೇರವಾಗಿ ಓಡಿಸಿಕೊಂಡು ಬರಲಾಗುವುದಿಲ್ಲ. ಕ್ರೈಂ ನಂಬರ್, ಪಿ.ಎಫ್. ನಂಬರ್ ತೆಗೆದುಕೊಂಡು ವಕೀಲರ ಮೂಲಕ ಆ ಠಾಣೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಧ್ಯಂತರ ಸುಪರ್ದಿಗೆ (ಕೇಸ್ ಮುಗಿಯುವವರೆಗೆ ಬೈಕ್ ನಿಮ್ಮ ವಶಕ್ಕೆ ಕೊಡಲು) ಅರ್ಜಿ ಹಾಕಿ. ಸುರಕ್ಷಾ ಸಂಹಿತೆಯ ಕಲಂ 497, 503 ಇದಕ್ಕೇ ಇವೆ. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಸಬಾರದು ಅಂತ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ದಾಖಲೆ ಸರಿಯಿದ್ದರೆ ಅರ್ಜಿಗೆ ತೊಂದರೆಯಾಗುವುದು ಕಡಿಮೆ. ಬಾಂಡ್, ಜಾಮೀನು ಕೇಳುತ್ತಾರೆ. ಕೇಸ್ ಮುಗಿಯುವವರೆಗೆ ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಅನ್ನುವ ಷರತ್ತು ಹಾಕುತ್ತಾರೆ.

ಸಹಿ ಹಾಕಿ ಬಿಡಿಸಿಕೊಳ್ಳುವ ಮುಂಚೆ ಟಾರ್ಚ್ ಹಿಡಿದು ಕುತ್ತಿಗೆ ಪೈಪ್ ನೋಡಿ. ಸುತ್ತ ಅರದ ಗೀರು, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ, ಅಕ್ಷರಗಳ ಆಳ ಒಂದೊಂದು ಥರ, ಸಾಲು ಓರೆ, ಇಂಥದ್ದು ಕಂಡರೆ ನಂಬರ್ ಉಜ್ಜಿ ಮತ್ತೆ ಪಂಚ್ ಮಾಡಿದ್ದಾರೆ. ಆಗಲೂ ದಾರಿಯಿದೆ. ಮೊದಲ ಸಲ ಪಂಚ್ ಹೊಡೆದಾಗ ಅಕ್ಷರದ ಕೆಳಗಿನ ಉಕ್ಕೂ ಒತ್ತಡಕ್ಕೆ ಸಿಕ್ಕಿ ಬದಲಾಗಿರುತ್ತದೆ. ಮೇಲಿನ ಪದರ ಉಜ್ಜಿದರೂ ಆ ಒತ್ತಡದ ಗುರುತು ಒಳಗೆ ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಅಲ್ಲಿ ನುಣುಪು ಮಾಡಿ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ತಾಮ್ರದ ಕ್ಲೋರೈಡ್ ಇರುವ ದ್ರಾವಣ ಸವರಿದಾಗ ಹಳೆಯ ಅಂಕಿಗಳು ನಿಧಾನವಾಗಿ ಮೂಡುತ್ತವೆ. ತೀರಾ ಆಳವಾಗಿ ಉಜ್ಜಿದ್ದರೆ ಮಾತ್ರ ಬರುವುದಿಲ್ಲ. ಆ ವರದಿ ಇಟ್ಟುಕೊಂಡು ಆರ್‌ಟಿಒ ಅನುಮತಿ ಪಡೆದೇ ನಂಬರ್ ಮತ್ತೆ ಪಂಚ್ ಮಾಡಿಸಬೇಕು, ಗ್ಯಾರೇಜಿನಲ್ಲಿ ನೀವೇ ಹೊಡೆಸಿದರೆ ನೀವೇ ಆರೋಪಿಯಾಗುತ್ತೀರಿ. ಎಂಜಿನ್ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿ, ಎಂಜಿನ್ ಬದಲಾಗಿದ್ದರೆ ಅದನ್ನು ಅಲ್ಲೇ ಬರೆಸಿ.

ಬಿಡಿಸಿದ ಮೇಲೆ ಕಿಕ್ ಹೊಡೆದು ಓಡಿಸಬೇಡಿ, ಟೆಂಪೊದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ಹೋಗಿ. ಹ್ಯಾಂಡಲ್ ಲಾಕ್ ಒದ್ದು ಮುರಿದಿದ್ದರೆ ಲಾಕ್ ಪಿನ್ನಿನ ತುಂಡು ಒಳಗೆ ಸಿಕ್ಕಿಕೊಂಡು ತಿರುವಿನಲ್ಲಿ ಹ್ಯಾಂಡಲ್ ಹಿಡಿದುಬಿಡಬಹುದು. ಇಗ್ನಿಷನ್, ಟ್ಯಾಂಕ್ ಮುಚ್ಚಳ ಸೇರಿ ಇಡೀ ಲಾಕ್ ಸೆಟ್ ಬದಲಿಸಿ. ಹೆಡ್‌ಲೈಟ್ ಹಿಂದಿನ ವೈರ್‌ಗಳಿಗೆ ಟೇಪ್ ಸುತ್ತಿ ಮುಗಿಸದೆ ಕಪ್ಲರ್ ಹೊಸದು ಹಾಕಿಸಿ, ಇಲ್ಲದಿದ್ದರೆ ಮಳೆಯಲ್ಲಿ ಶಾರ್ಟ್ ಆಗುತ್ತದೆ. ಎಂಜಿನ್ ಆಯಿಲ್, ಬ್ರೇಕ್ ನೋಡಿಸಿ. ಎಚ್‌ಎಸ್‌ಆರ್‌ಪಿ ಕಿತ್ತಿದ್ದರೆ ಎಫ್‌ಐಆರ್ ಪ್ರತಿ ತೋರಿಸಿ ಹೊಸದಕ್ಕೆ ಅರ್ಜಿ ಹಾಕಿ. ಕಳವಿನ ತಡೆ ತೆಗೆಯುವಂತೆ ಕೋರ್ಟ್ ಆದೇಶದ ಪ್ರತಿಯನ್ನು ಆರ್‌ಟಿಒಗೂ ಕೊಡಿ. ಅದು ಹಾಗೇ ಉಳಿದರೆ ಮುಂದಿನ ತಪಾಸಣೆಯಲ್ಲಿ ಕದ್ದ ಬೈಕ್ ಓಡಿಸುತ್ತಿದ್ದೀರಿ ಅಂತ ನಿಮ್ಮನ್ನೇ ನಿಲ್ಲಿಸುತ್ತಾರೆ. ವಿಮೆಯ ಹಣ ಬಂದ ನಂತರ ಬೈಕ್ ಸಿಕ್ಕರೆ ಅದು ಕಂಪನಿಯ ಆಸ್ತಿ, ಠಾಣೆಯಿಂದ ಫೋನ್ ಬಂದ ದಿನವೇ ಅವರಿಗೆ ತಿಳಿಸಿ.